ಮೊದಲ ಸಾಲಲ್ಲೇ ನಿಮ್ಮ ಪರಿಚಯ ಬೇಡ

ಜಾಹೀರಾತು ಬರೆಸಲು ಬರುವವರ ಕರಡಿನಲ್ಲಿ ಮೊದಲ ಸಾಲು ಹೆಚ್ಚಾಗಿ ಒಂದೇ ಥರ ಇರುತ್ತದೆ. ‘ಹಲವು ವರ್ಷಗಳ ಅನುಭವವುಳ್ಳ ನಮ್ಮ ಸಂಸ್ಥೆ...’ ಇಲ್ಲವೇ ‘ಇಂದಿನ ಧಾವಂತದ ಬದುಕಿನಲ್ಲಿ...’. ತೆಗೆಯೋಣ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕಷ್ಟಪಟ್ಟು ಕಟ್ಟಿದ್ದು, ಅಭಿಮಾನ ಇರಲೇಬೇಕು. ಆದರೆ ಓದುವವರು ‘ನೀವು ಯಾರು’ ಅಂತ ಇನ್ನೂ ಕೇಳಿಯೇ ಇಲ್ಲ. ಅವರ ತಲೆಯಲ್ಲಿ ಅವರದೇ ತಾಪತ್ರಯ ಓಡುತ್ತಿರುತ್ತದೆ, ಅಲ್ವಾ? ಅಲ್ಲಿಂದಲೇ ಶುರು ಮಾಡಿ ಅಂತ ಎಷ್ಟು ಸಲ ಹೇಳಿದರೂ ಮತ್ತೆ ಅದೇ ‘ನಮ್ಮ ಸಂಸ್ಥೆ’.

ಶ್ರವಣ ಸಾಧನ ಮಾರುವವರೊಬ್ಬರು ಎರಡು ಪುಟ ಬರೆದು ತಂದಿದ್ದರು. ಸಂಸ್ಥೆಯ ಇತಿಹಾಸ, ತಂತ್ರಜ್ಞಾನ, ಪ್ರಶಸ್ತಿ ಎಲ್ಲ ಮುಗಿದ ಮೇಲೆ ನಾಲ್ಕನೇ ಪ್ಯಾರಾದಲ್ಲಿ ಹೀಗಿತ್ತು: ‘ಮೊಮ್ಮಗಳು ಏನಾದರೂ ಹೇಳಿದರೆ ಅಜ್ಜ ಸುಮ್ನೆ ನಗುತ್ತಾರೆ. ಅವಳು ಏನಂದಳು ಅಂತ ಅವರಿಗೆ ಕೇಳಿಸಿರುವುದಿಲ್ಲ.’ ಅದನ್ನೇ ಮೇಲಕ್ಕೆ ತಂದೆವು. ‘ನಮ್ಮ ಹೆಸರೇ ಇಲ್ಲವಲ್ಲ?’ ಅಂದರು. ಹೆಸರು ಮೂರನೇ ಸಾಲಿಗೆ ಬಂತು. ಅಷ್ಟು ಹೊತ್ತಿಗೆ ಓದುವವರಿಗೂ ಅದು ಬೇಕಾಗಿರುತ್ತದೆ. ಒಳ್ಳೆಯ ಆರಂಭ ಹೀಗೆ ಕರಡಿನ ನಡುವೆಯೇ ಸಿಗುವುದು ಜಾಸ್ತಿ.

1958ರಲ್ಲಿ ಹೆಸರಾಂತ ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಕಾರಿನ ಜಾಹೀರಾತಿಗೆ ಕೊಟ್ಟ ತಲೆಬರಹ ನೋಡಿ. ಗಂಟೆಗೆ 60 ಮೈಲಿ ವೇಗದಲ್ಲೂ ಈ ಕಾರಿನಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿಸುವುದು ಗಡಿಯಾರದ ಸದ್ದು ಅನ್ನುವುದು ಅದರ ಸಾರ. ಆ ಮಾತು ಅವರು ಹೊಸದಾಗಿ ಹುಟ್ಟಿಸಿದ್ದಲ್ಲ. ಕಾರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಒಂದು ವಿಮರ್ಶೆಯಲ್ಲಿ ಕಂಡದ್ದು.

ಎಸ್‌ಎಂಎಸ್ ಕಳಿಸುವವರು ಇನ್ನೂ ಹುಷಾರಾಗಿರಬೇಕು. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರದ ಜಾಗ ಇದ್ದರೆ ಕನ್ನಡ ಲಿಪಿಗೆ 70 ಮಾತ್ರ. ಅದರಲ್ಲೂ ಗುಣಿತ, ಒತ್ತು, ಸೊನ್ನೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ‘ನಮ್ಮ ಸಂಸ್ಥೆ’ ಅನ್ನುವಷ್ಟರಲ್ಲಿ 11 ಖಾಲಿ!

ಹಾಗಂತ ಹೆದರಿಸುವ ಆರಂಭ ಬೇಡ. ‘ನಿಮಗೆ ಕಿವಿ ಕೇಳಿಸುವುದಿಲ್ಲವೇ?’ ಅಂತ ಕೇಳಿದರೆ ನೋವಾಗುತ್ತದೆ. ಆರೋಗ್ಯ, ಹಣಕಾಸಿನ ವಿಷಯವಾದರೆ ನಿಯಮ ಬಲ್ಲವರಿಗೆ ಒಮ್ಮೆ ತೋರಿಸಿ. ಈಗಾಗಲೇ ನಿಮ್ಮ ಗ್ರಾಹಕರಾದವರಿಗೆ ಬರೆಯುವಾಗ ಮಾತ್ರ ಇಂಥ ಆರಂಭ ಬೇಕಿಲ್ಲ. ಸರ್ವಿಸ್ ಯಾವತ್ತು, ಎಲ್ಲಿಗೆ ತರಬೇಕು, ಅಷ್ಟು ಹೇಳಿದರೆ ಸಾಕು.