ಆಪರೇಷನ್‌ಗೆ ಮೊದಲೇ ಮೈ ಬೆಚ್ಚಗಿರಲಿ

ಆಪರೇಷನ್ ಮುಗಿದ ಮೇಲೆ ರೋಗಿ ಗಡಗಡ ನಡುಗುತ್ತಿದ್ದರೆ ಮನೆಯವರು ಕೇಳುವುದು ಒಂದೇ, ಓಟಿಯಲ್ಲಿ ಎಸಿ ಜಾಸ್ತಿ ಇಟ್ಟಿದ್ರಾ ಡಾಕ್ಟ್ರೇ ಅಂತ. ಎಸಿಯ ಪಾಲೂ ಇದೆ. ಆದರೆ ಮೊದಲ ಕಾರಣ ನಾವು ಕೊಡುವ ಅರಿವಳಿಕೆಯೇ. ಅದರಿಂದ ಕೈಕಾಲಿನ ರಕ್ತನಾಳಗಳು ಹಿಗ್ಗುತ್ತವೆ, ಎದೆ ಹೊಟ್ಟೆಯ ಒಳಗಿದ್ದ ಬಿಸಿಯೆಲ್ಲ ರಕ್ತದ ಜೊತೆ ಆ ಕಡೆ ಹರಿಯುತ್ತದೆ, ಮೊದಲ ಒಂದು ಗಂಟೆಯಲ್ಲೇ ಒಳಮೈ 1ರಿಂದ 1.5 ಡಿಗ್ರಿ ಸೆಲ್ಸಿಯಸ್ ತಣ್ಣಗಾಗಬಹುದು. 36ಕ್ಕಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ.

ಒಂದು ಡಿಗ್ರಿ ತಾನೇ ಅನ್ನಬೇಡಿ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಅರಿವಳಿಕೆ ಇಳಿಯುವುದು ತಡವಾಗುತ್ತದೆ. ನಡುಕ ಬಂದರೆ ಆಕ್ಸಿಜನ್ ಜಾಸ್ತಿ ಬೇಕು, ಹಾರ್ಟ್ ತೊಂದರೆ ಇರುವವರಿಗೆ ಅದು ಕಷ್ಟ. ಗಾಯಕ್ಕೆ ಸೋಂಕೂ ಜಾಸ್ತಿ: ಕರುಳಿನ ಆಪರೇಷನ್ ಆದ 200 ಜನರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಚ್ಚಗಿಟ್ಟವರಲ್ಲಿ 6% ಮಂದಿಗೆ ಸೋಂಕಾದರೆ ತಣ್ಣಗಾದವರಲ್ಲಿ 19% ಮಂದಿಗೆ ಆಗಿತ್ತು.

ಅದಕ್ಕೇ ನಾನು ಹೇಳುವುದು, ನಡುಕ ಬಂದ ಮೇಲೆ ಕಂಬಳಿ ಹುಡುಕುವುದಲ್ಲ, ಮೊದಲೇ ಬೆಚ್ಚಗೆ ಮಾಡಬೇಕು. ನಮ್ಮ ಚಿಕ್ಕಮಗಳೂರಿನ ಜನವರಿ ಚಳಿಯಲ್ಲಿ, ಕೊಪ್ಪ, ಮೂಡಿಗೆರೆ ಕಡೆಯಿಂದ ಬೆಳಗಿನ ಜಾವವೇ ಹೊರಟು ಬಂದವರು, ಖಾಲಿ ಹೊಟ್ಟೆಯಲ್ಲಿ, ತೆಳ್ಳನೆಯ ಆಸ್ಪತ್ರೆ ಗೌನ್ ಹಾಕಿಕೊಂಡು ವಾರ್ಡಿನಲ್ಲಿ ಕಾಯುತ್ತಾ ಕೂತರೆ ಓಟಿಗೆ ಬರುವಷ್ಟರಲ್ಲೇ ತಣ್ಣಗಾಗಿರುತ್ತಾರೆ. ಬಿಸಿಗಾಳಿ ತುಂಬುವ ಹೊದಿಕೆ ಇದ್ದರೆ ಅರಿವಳಿಕೆಗೆ ಅರ್ಧ ಗಂಟೆ ಮೊದಲೇ ಶುರು ಮಾಡುವುದು ಒಳ್ಳೆಯದು. ಕಂಬಳಿ ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ, ಈ ಹೊದಿಕೆ ಹೊಸದಾಗಿ ಬಿಸಿ ಕೊಡುತ್ತದೆ. ಅರ್ಧ ಲೀಟರಿಗಿಂತ ಜಾಸ್ತಿ ಡ್ರಿಪ್ ಹೋಗುವುದಿದ್ದರೆ ಅದನ್ನೂ 37 ಡಿಗ್ರಿಗೆ ಬೆಚ್ಚಗೆ ಮಾಡಿಯೇ ಕೊಡಬೇಕು.

ಹಣೆ ಮುಟ್ಟಿದರೆ ಒಳಗಿನ ತಾಪ ಗೊತ್ತಾಗುವುದಿಲ್ಲ. ಪೂರ್ತಿ ಅರಿವಳಿಕೆಯಲ್ಲಿ ಅನ್ನನಾಳಕ್ಕೋ ಮೂಗಿನ ಹಿಂಭಾಗಕ್ಕೋ ತಾಪ ಅಳೆಯುವ ತೆಳ್ಳನೆಯ ಪ್ರೋಬ್ ಇಟ್ಟು ನೋಡುತ್ತೇವೆ, ಕಡಿಮೆ ಅಂದರೂ ಅರ್ಧ ಗಂಟೆಗೊಮ್ಮೆ ಬರೆದಿಡಬೇಕು. ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ತಾಪ ನೋಡುವುದನ್ನು ಮರೆಯುವುದೇ ಜಾಸ್ತಿ, ಯಾಕಂದರೆ ರೋಗಿ ಎಚ್ಚರವಾಗಿರುತ್ತಾರೆ, ಮಾತಾಡುತ್ತಿರುತ್ತಾರೆ, ಎಷ್ಟೋ ಸಲ ಮೈ ತಣ್ಣಗಾಗಿದ್ದರೂ ಅವರಿಗೆ ಚಳಿ ಅನ್ನಿಸುವುದೇ ಇಲ್ಲ. ಅಲ್ಲಿಯೂ ತಾಪ ಇಳಿಯುತ್ತದೆ.

ಮನೆಯವರಿಗೆ ಒಂದು ಮಾತು. ಸಿಸೇರಿಯನ್ ಆದ ಮಗಳು ನಡುಗುವುದನ್ನು ನೋಡಲಾಗದೆ ಕಾಲಿಗೆ ಬಿಸಿನೀರಿನ ಬಾಟಲಿ ಇಡಲೇಬೇಡಿ. ಆ ಕಾಲಿಗೆ ಇನ್ನೂ ಸ್ಪರ್ಶ ಬಂದಿರುವುದಿಲ್ಲ, ಚರ್ಮ ಸುಟ್ಟರೂ ಅವಳಿಗೆ ಗೊತ್ತಾಗುವುದಿಲ್ಲ. ಒಣ ಕಂಬಳಿ ಹೊದಿಸಿ, ಸಾಕ್ಸ್ ಹಾಕಿ, ಸಿಸ್ಟರ್‌ನ ಕರೆಯಿರಿ. ನಡುಕ ನಿಲ್ಲಿಸಲು ಇಂಜೆಕ್ಷನ್ ಇದೆ.