ಏಳನೇ ಕ್ಲಾಸಿನ ಟಿಸಿ ಕೈಗೆ ಬಂದ ಮೇಲೆ

ಏಪ್ರಿಲ್ ಹತ್ತರ ಸುಮಾರಿಗೆ ಶಾಲೆಗಳಲ್ಲಿ ಫಲಿತಾಂಶ ಹೇಳುತ್ತಾರೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸು ಪಾಸಾದ ಮಗುವಿನ ಮನೆಯಲ್ಲಿ ಆವತ್ತೇ ಒಂದು ಮಾತು ಶುರುವಾಗುತ್ತದೆ. ಟಿಸಿ ತಗೊಂಡು ಎಲ್ಲಿಗೆ ಹೋಗುವುದು? ಹೋಬಳಿಯ ಸರ್ಕಾರಿ ಹೈಸ್ಕೂಲಿಗಾ, ಪಟ್ಟಣದ ಪ್ರೈವೇಟ್ ಶಾಲೆಗಾ? ಮಗು ಓದಿನಲ್ಲಿ ಚುರುಕಾಗಿದ್ದರೆ ಮಾತು ಇನ್ನೂ ಬಿಗಿಯಾಗುತ್ತದೆ. "ಇಷ್ಟು ಜಾಣ ಮಗೂನ ಅಲ್ಲಿಗೆ ಹಾಕ್ತೀರಾ?" ಎಂದು ನೆಂಟರು ಕೇಳುತ್ತಾರೆ. ಅಪ್ಪ ಫೀಸಿನ ಲೆಕ್ಕ ಹಾಕುತ್ತಾನೆ. ಅಮ್ಮ ಕಿವಿಯ ಓಲೆ ಮುಟ್ಟಿ ನೋಡಿಕೊಳ್ಳುತ್ತಾಳೆ.

ಪ್ರೈವೇಟ್ ಶಾಲೆಯ ಮಗುವಿಗೆ ಈ ಕಷ್ಟವಿಲ್ಲ. ಎಲ್‌ಕೆಜಿಯಿಂದ ಹತ್ತರವರೆಗೆ ಒಂದೇ ಗೇಟು. ಸರ್ಕಾರಿ ಕಡೆ ಮಾತ್ರ ಏಳಕ್ಕೆ ಒಂದು ಗೆರೆ ಇದೆ, ಯಾಕೆಂದರೆ ನಮ್ಮಲ್ಲಿ ಹೈಸ್ಕೂಲು ಅಂದರೆ ಎಂಟು, ಒಂಬತ್ತು, ಹತ್ತು. ಗೆರೆ ಹಳೆಯದು. ಉತ್ತರ ಕರ್ನಾಟಕದ ಹಿರಿಯರು ಈಗಲೂ ಮುಲ್ಕಿ ಪರೀಕ್ಷೆಯ ಮಾತು ತೆಗೆಯುತ್ತಾರೆ. ಏಳನೇತ್ತೆಗೆ ಮುಲ್ಕಿ ಪಾಸಾದರೆ ಮಾಸ್ತರಿಕೆ ಸಿಗುತ್ತಿದ್ದ ಕಾಲ ಅದು. ಅದರಾಚೆಯ ಹೈಸ್ಕೂಲು ಊರಿಗೊಬ್ಬರೋ ಇಬ್ಬರೋ ಹೋಗುವ ಜಾಗವಾಗಿತ್ತು.

ಆ ಒಬ್ಬಿಬ್ಬರು ಎಲ್ಲಿಗೆ ಹೋಗುತ್ತಿದ್ದರು ಅಂತ ನೋಡಿದರೆ, ನಾವು ಇವತ್ತು ಹಾಕುವ ಸರ್ಕಾರಿ-ಖಾಸಗಿ ಎಂಬ ಗೋಡೆ ಆಗ ಹೀಗಿರಲಿಲ್ಲ ಅಂತ ಗೊತ್ತಾಗುತ್ತದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಫೀಸಿಲ್ಲದ ಇಂಗ್ಲಿಷ್ ಶಾಲೆ ತೆರೆದರು. ಬೆಂಗಳೂರಿನಲ್ಲಿ 1858ರಲ್ಲಿ ಶುರುವಾದ ಸರ್ಕಾರಿ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಯಿತು. ಮಂಗಳೂರು, ಧಾರವಾಡದ ಕಡೆ ಬಾಸೆಲ್ ಮಿಷನ್, ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಶಾಲೆ ಕಟ್ಟಿದವು. 1854ರಲ್ಲಿ ಬ್ರಿಟಿಷರ ಶಿಕ್ಷಣ ನೀತಿ ಹೇಳಿದ ವುಡ್ ವರದಿಯಿಂದ ಒಂದು ಹೊಸ ದಾರಿ ತೆರೆಯಿತು. ಶಾಲೆಯನ್ನು ಯಾರೇ ನಡೆಸಲಿ, ನಿಯಮಕ್ಕೆ ಒಪ್ಪಿದರೆ ಸರ್ಕಾರ ಹಣ ಕೊಡುತ್ತದೆ. ಅದೇ ಅನುದಾನ. ನಾವು ಈಗಲೂ 'ಏಡೆಡ್ ಸ್ಕೂಲು' ಅನ್ನುತ್ತೇವಲ್ಲ, ಅದರ ಬೇರು ಅಲ್ಲಿದೆ.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಶಾಲೆಯಿಂದ ಬೆಂಗಳೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಬಂದರು. ಕುವೆಂಪು ತೀರ್ಥಹಳ್ಳಿಯಿಂದ ಮೈಸೂರಿನ ವೆಸ್ಲಿಯನ್ ಹೈಸ್ಕೂಲಿಗೆ ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಮೇಷ್ಟ್ರು ಸೇರಿ ಕೆಎಲ್ಇ ಸಂಸ್ಥೆ ಹುಟ್ಟುಹಾಕಿದರು. ಮರುವರ್ಷ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ಬಂತು. ಗೌರಿಬಿದನೂರು ತಾಲೂಕಿನ ಹೊಸೂರಿನ ಒಬ್ಬ ಬಡ ಹುಡುಗ ಊರಿನ ಸರ್ಕಾರಿ ಶಾಲೆ ಮುಗಿಸಿ, ಬಸ್ಸಿಗೆ ಕಾಸಿಲ್ಲದೆ, 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದು ಆ ನ್ಯಾಷನಲ್ ಹೈಸ್ಕೂಲಿಗೆ ಸೇರಿದ. ಅವರೇ ಎಚ್. ನರಸಿಂಹಯ್ಯ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ಈ ಕಥೆಯನ್ನು ನಾವು ಬಡತನದ ಕಥೆಯಾಗಿಯೇ ಹೇಳುತ್ತೇವೆ. ನನಗೆ ಅದರಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಆತ ಹೋದದ್ದು ಖಾಸಗಿ ಸಂಸ್ಥೆಯ ಶಾಲೆಗೆ. ಆದರೂ ಕೈಯಲ್ಲಿ ಕಾಸಿಲ್ಲದವನಿಗೆ ಅದರ ಬಾಗಿಲು ತೆರೆದಿತ್ತು. ಆಗಿನ ಖಾಸಗಿ ಅಂದರೆ ಊರ ದೊಡ್ಡವರ ಸಂಘ, ಮಠ, ಮಿಷನ್ನು. ಸರ್ಕಾರದ ಅನುದಾನವೂ ಸೇರಿದ ಮೇಲೆ ಮಕ್ಕಳ ಫೀಸಿನ ಮೇಲೆಯೇ ಶಾಲೆ ನಿಲ್ಲಬೇಕಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ತಾಲೂಕುಗಳಲ್ಲಿ ಜಾಣ ಮಕ್ಕಳಿಗೆ ಈ ನಡುವಿನ ದಾರಿಯೇ ರಾಜಮಾರ್ಗ. ಸಿದ್ಧಗಂಗೆಯಂಥ ಮಠಗಳು ಊಟ, ವಸತಿಯನ್ನೂ ಕೊಟ್ಟವು.

ಆ ದಾರಿ ಕಿರಿದಾಗಿದ್ದು 1980ರ ದಶಕದ ಕೊನೆಯಲ್ಲಿ. 1987ರ ನಂತರ ಶುರುವಾದ ಶಾಲೆಗಳು ಅನುದಾನಕ್ಕಾಗಿ ವರ್ಷಗಟ್ಟಲೆ ಕಾದವು. ಹಳೆಯ ಅನುದಾನಿತ ಶಾಲೆಗಳಿಗೂ ಪೆಟ್ಟು ಬಿತ್ತು. ಮೇಷ್ಟ್ರು ನಿವೃತ್ತರಾದರೆ ಆ ಜಾಗ ತುಂಬಲು ಸರ್ಕಾರದ ಒಪ್ಪಿಗೆ ಬೇಕು, ಅದು ಬೇಗ ಸಿಗುವುದಿಲ್ಲ. ಆಡಳಿತ ಮಂಡಳಿ ಕಡಿಮೆ ಸಂಬಳಕ್ಕೆ ಯಾರನ್ನೋ ಇಟ್ಟುಕೊಳ್ಳುತ್ತದೆ. ಆ ಸಂಬಳಕ್ಕೆ ಮಕ್ಕಳಿಂದ ದುಡ್ಡು ಎತ್ತುತ್ತದೆ. ಹೀಗೆ ಏಡೆಡ್ ಶಾಲೆ ನಿಧಾನಕ್ಕೆ ಬರೀ ಹೆಸರಿಗೆ ಏಡೆಡ್ ಆಯಿತು. ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ನೋವಾಗುವ ಭಾಗ ಇದು. ದೊಡ್ಡ ಗಲಾಟೆಯಿಲ್ಲದೆ ಒಂದು ಒಳ್ಳೆಯ ವ್ಯವಸ್ಥೆ ಸೊರಗಿತು.

ಖಾಲಿಯಾದ ಜಾಗಕ್ಕೆ ಅನುದಾನವಿಲ್ಲದ ಇಂಗ್ಲಿಷ್ ಮೀಡಿಯಂ ಶಾಲೆ ಬಂತು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಎಂದು ಆದೇಶ ಮಾಡಿತು. ಕನ್ನಡ ಮೀಡಿಯಂಗೆ ಅನುಮತಿ ಪಡೆದು ಒಳಗೆ ಇಂಗ್ಲಿಷಿನಲ್ಲಿ ಕಲಿಸಿದ ಶಾಲೆಗಳು ಬೇಕಾದಷ್ಟು. ಕೇಸು ಎರಡು ದಶಕ ನಡೆದು, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸರ್ಕಾರ ಮಾತೃಭಾಷೆಯನ್ನು ಹೇರುವಂತಿಲ್ಲ ಎಂದಿತು. ಅಷ್ಟು ಹೊತ್ತಿಗೆ ತಂದೆತಾಯಿ ತಮ್ಮ ತೀರ್ಪು ಕೊಟ್ಟಾಗಿತ್ತು.

ಸರ್ಕಾರ ಸುಮ್ನೆ ಕೂತಿರಲಿಲ್ಲ. ಜಾಣ ಮಕ್ಕಳಿಗಾಗಿ ಬೇರೆ ಶಾಲೆಗಳನ್ನೇ ಕಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಕೇಂದ್ರದ ನವೋದಯ ಶಾಲೆಗಳು ಬಂದವು. ಶೇ 75ರಷ್ಟು ಸೀಟು ಹಳ್ಳಿ ಮಕ್ಕಳಿಗೆ, ಅಲ್ಲೇ ವಸತಿ. 1990ರ ದಶಕದಲ್ಲಿ ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಆಮೇಲೆ ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳು. 2010ರ ಹೊತ್ತಿಗೆ ಹಿಂದುಳಿದ ತಾಲೂಕುಗಳಲ್ಲಿ 74 ಆದರ್ಶ ವಿದ್ಯಾಲಯಗಳು, ಇಂಗ್ಲಿಷ್ ಮೀಡಿಯಂನಲ್ಲಿ. ಇವು ಚೆನ್ನಾಗಿ ನಡೆಯುತ್ತವೆ ಅನ್ನುವುದಕ್ಕೆ ಸಾಕ್ಷಿ ಹುಡುಕಬೇಕಿಲ್ಲ. 2024ರ ಎಸ್ಎಸ್ಎಲ್‌ಸಿಯಲ್ಲಿ 625ಕ್ಕೆ 625 ತೆಗೆದು ಇಡೀ ರಾಜ್ಯಕ್ಕೆ ಮೊದಲು ಬಂದವಳು ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ಶಾಲೆಯ ರೈತನ ಮಗಳು.

ಆದರೆ ಈ ಎಲ್ಲ ಶಾಲೆಗಳ ಬಾಗಿಲು ಆರನೇ ಕ್ಲಾಸಿಗೆ. ಅರ್ಜಿ, ಪ್ರವೇಶ ಪರೀಕ್ಷೆ ನಡೆಯುವುದು ಮಗು ಐದರಲ್ಲಿದ್ದಾಗ. ಏಳು ಮುಗಿದ ಮೇಲೆ ಹೈಸ್ಕೂಲಿನ ಚಿಂತೆ ಹತ್ತಿದ ಮನೆಗೆ ಆ ಗಾಡಿ ಎರಡು ವರ್ಷದ ಹಿಂದೆಯೇ ಹೋಗಿರುತ್ತದೆ. ನವೋದಯದಲ್ಲಿ ಖಾಲಿ ಉಳಿದ ಸೀಟಿಗೆ ಒಂಬತ್ತನೇ ಕ್ಲಾಸಿಗೆ ಸೇರಲು ಇನ್ನೊಂದು ಪರೀಕ್ಷೆ ಇದೆ, ಅದರಲ್ಲಿ ಸಿಗುವುದು ಕೆಲವೇ ಸೀಟು. ಇದರ ಇನ್ನೊಂದು ಪರಿಣಾಮವನ್ನೂ ಹೇಳಬೇಕು. ಪ್ರತಿ ಊರಿನಿಂದ ಚುರುಕು ಮಕ್ಕಳನ್ನು ಆರಿಸಿ ಕರೆದುಕೊಂಡು ಹೋದರೆ ಮಾಮೂಲಿ ಸರ್ಕಾರಿ ಹೈಸ್ಕೂಲಿಗೆ ಏನು ಉಳಿಯುತ್ತದೆ? ಪಾಠ ಕೇಳಿ ತಿರುಗಿ ಪ್ರಶ್ನೆ ಹಾಕುವ ಒಂದು ಮಗು ಕ್ಲಾಸಿನಲ್ಲಿದ್ದರೆ ಮೇಷ್ಟ್ರಿಗೂ ಹುರುಪು, ಪಕ್ಕದಲ್ಲಿ ಕೂತವರಿಗೂ ಲಾಭ.

ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಯಾದಾಗ ಬಡ ಮನೆಗಳಿಗೆ ಇನ್ನೊಂದು ಆಸೆ ಹುಟ್ಟಿತು. ಖಾಸಗಿ ಶಾಲೆಯ ಶೇ 25ರಷ್ಟು ಸೀಟು, ಫೀಸಿಲ್ಲದೆ. ಕರ್ನಾಟಕದಲ್ಲಿ 2012ರಿಂದ ಮಕ್ಕಳು ಸೇರಿದರು. ಅಲ್ಲೂ ಹೈಸ್ಕೂಲಿನ ಗೆರೆ ಬಿಡಲಿಲ್ಲ. ಕಾಯ್ದೆಯ ಉಚಿತ ಶಿಕ್ಷಣ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. 2012ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಒಂಬತ್ತಕ್ಕೆ ಬಂದದ್ದು 2020ರಲ್ಲಿ. ಕೊರೊನಾದಿಂದ ಅಪ್ಪನ ಕೆಲಸ ನಿಂತ ವರ್ಷವೇ ಪೂರ್ತಿ ಫೀಸಿನ ಚೀಟಿ ಮನೆಗೆ ಬಂತು. ಎಂಟು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳೆಯರನ್ನು ಬಿಟ್ಟು, ಮೀಡಿಯಂ ಬದಲಿಸಿ, ಎಸ್ಎಸ್ಎಲ್‌ಸಿಗೆ ಎರಡು ವರ್ಷ ಇರುವಾಗ ಶಾಲೆ ಬದಲಿಸುವುದು ಅಂದರೆ ಸಣ್ಣ ಮಾತಲ್ಲ ಅಲ್ವಾ? 2019ರಲ್ಲಿ ರಾಜ್ಯ ಸರ್ಕಾರ ನಿಯಮವನ್ನೇ ತಿದ್ದಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಈ ಸೀಟು ಇಲ್ಲ. ಆ ಬಾಗಿಲೂ ಬಹುಪಾಲು ಮುಚ್ಚಿತು.

ಅದೇ ಹೊತ್ತಿಗೆ ಸರ್ಕಾರ ಪ್ರೈವೇಟ್ ಶಾಲೆಯ ಆ ಒಂದೇ ಗೇಟಿನ ಆಕರ್ಷಣೆಯನ್ನು ತಾನೂ ಕೊಡಲು ನೋಡಿತು. 2018-19ರಲ್ಲಿ 176 ಕರ್ನಾಟಕ ಪಬ್ಲಿಕ್ ಶಾಲೆಗಳು ಶುರುವಾದವು. ಚಿಕ್ಕ ಮಕ್ಕಳಿಂದ ಪಿಯುಸಿವರೆಗೆ ಒಂದೇ ಆವರಣ. ಮರುವರ್ಷ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆದಾಗ ಸಾಹಿತಿಗಳು ವಿರೋಧಿಸಿದರು, ಪೋಷಕರು ಸಾಲು ನಿಂತರು. ಎರಡೂ ಕಡೆಯ ಆತಂಕ ನಿಜವಾದದ್ದೇ.

ಹಾಗಾದರೆ ಇವತ್ತು ಟಿಸಿ ಹಿಡಿದು ನಿಂತವರು ಏನು ಮಾಡಬೇಕು? ಕೆಲವು ವಿಷಯ ಗೊತ್ತಿಲ್ಲದೆಯೇ ಕೈ ತಪ್ಪುತ್ತವೆ. ಎನ್ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನವಿದೆ. ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಇದು ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಎಂಟಕ್ಕೆ ಪ್ರೈವೇಟ್ ಶಾಲೆಗೆ ಹೋದ ಮಗು ಪರೀಕ್ಷೆಯನ್ನೇ ಬರೆಯುವಂತಿಲ್ಲ. ಇನ್ನೊಂದು ಸಿಇಟಿಯದು. ಅಲ್ಲಿ ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಎರಡಕ್ಕೂ ಒಂದರಿಂದ ಹತ್ತರವರೆಗಿನ ಪೂರ್ತಿ ಹತ್ತು ವರ್ಷದ ಓದು ಬೇಕು. ಏಳು ವರ್ಷ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮೀಡಿಯಂಗೆ ಹಾಕಿದ ದಿನವೇ ಎರಡೂ ಹೋಯಿತು. ಮುಂದೆ ಎಂಜಿನಿಯರಿಂಗ್ ಸೀಟಿಗೆ ನಿಂತಾಗ ಇದು ಗೊತ್ತಾಗಿ ಕೈಕೈ ಹಿಸುಕಿಕೊಂಡವರನ್ನು ನಾನು ನೋಡಿದ್ದೇನೆ.

ಇನ್ನೊಂದು ಕಡೆಯ ಭಯವನ್ನೂ ತಳ್ಳಿಹಾಕಲಾರೆ. ಪಿಯುಸಿ ಸೈನ್ಸ್ ಪೂರ್ತಿ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನಲ್ಲಿ ಓದಿ ಎಸ್ಎಸ್ಎಲ್‌ಸಿಯಲ್ಲಿ 600ರ ಮೇಲೆ ತೆಗೆದ ಮಕ್ಕಳು ಮೊದಲ ಮೂರು ತಿಂಗಳು ಫಿಸಿಕ್ಸ್ ಕ್ಲಾಸಿನಲ್ಲಿ ಬಾಯಿಬಿಡದೆ ಕೂರುತ್ತಾರೆ. ಅವರಿಗೆ ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಕೆಲವು ಸರ್ಕಾರಿ ಹೈಸ್ಕೂಲುಗಳ ಮೇಷ್ಟ್ರು ಎಂಟರಿಂದಲೇ ಗಣಿತ, ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸುತ್ತಾರೆ. ಅಂಥ ಶಾಲೆ ಹತ್ತಿರದಲ್ಲಿದ್ದರೆ ನಾನು ಫೀಸಿನ ಶಾಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಸರ್ಕಾರಿ ಮೇಷ್ಟ್ರು ಬಿ.ಎಡ್ ಮಾಡಿ, ಪರೀಕ್ಷೆ ಬರೆದು ಆಯ್ಕೆಯಾಗಿ ಬಂದವರು. ತೊಂದರೆ ಇರುವುದು ಆ ಮೇಷ್ಟ್ರು ಇಲ್ಲದ ಕಡೆ.

ಅದನ್ನು ತಿಳಿಯುವುದು ಕಷ್ಟವಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಒಂದು ಬೆಳಗ್ಗೆ ಹೈಸ್ಕೂಲಿಗೆ ಹೋಗಿ, ಹೆಡ್‌ಮಾಸ್ಟರ ಹತ್ತಿರ ಕೂತು ಕೇಳಿ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಮೇಷ್ಟ್ರು ಇದ್ದಾರಾ? ಸಿಬಿಝಡ್ (ಕೆಮಿಸ್ಟ್ರಿ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಹುದ್ದೆ ತುಂಬಿದೆಯಾ, ಖಾಲಿಯಾ? ಇಂಗ್ಲಿಷಿಗೆ ಯಾರು? ಖಾಲಿ ಇದ್ದರೆ ಅತಿಥಿ ಶಿಕ್ಷಕರು ಜೂನಿನಲ್ಲೇ ಬರುತ್ತಾರಾ, ದಸರಾ ಕಳೆದ ಮೇಲಾ? ಎನ್ಎಂಎಂಎಸ್‌ಗೆ ತಯಾರಿ ಮಾಡಿಸುತ್ತಾರಾ? ಪ್ರೈವೇಟ್ ಶಾಲೆಗೂ ಹೋಗಿ ಇದೇ ಪ್ರಶ್ನೆ ಕೇಳಿ. ಗಣಿತದ ಮೇಷ್ಟ್ರು ಎಷ್ಟು ವರ್ಷದಿಂದ ಇದ್ದಾರೆ, ಹೋದ ವರ್ಷ ಎಷ್ಟು ಜನ ಬಿಟ್ಟು ಹೋದರು ಅಂತಲೂ ವಿಚಾರಿಸಿ. ಮನೆಯಲ್ಲಿ ನಾಲ್ಕೋ ಐದೋ ಓದುವ ತಮ್ಮ, ತಂಗಿ ಇದ್ದರೆ ನವೋದಯ ಮತ್ತು ಮೊರಾರ್ಜಿ ಅರ್ಜಿ ಯಾವಾಗ ಬಿಡುತ್ತಾರೆ ಅಂತಲೂ ಅಲ್ಲೇ ಕೇಳಿ ಬರೆದುಕೊಂಡು ಬನ್ನಿ.