ಕಿಟ್ ಕಾರಿಗೆ ಸ್ಪ್ರೇ ಲೇಪನ: ಸದ್ದಿನ ಲೆಕ್ಕ ಬೇರೆ, ಶಾಖದ ಲೆಕ್ಕ ಬೇರೆ

ಬಿಡಿಭಾಗಗಳನ್ನು ತರಿಸಿಕೊಂಡು ತಾವೇ ಜೋಡಿಸುವ ಕಿಟ್ ಕಾರುಗಳಲ್ಲಿ ಎಂಜಿನ್ನಿಗೂ ಕೂತವರ ಕಾಲಿಗೂ ನಡುವೆ ಇರುವುದು ಬಹಳ ಸಲ ಒಂದು ತೆಳು ಅಲ್ಯೂಮಿನಿಯಂ ತಗಡು ಅಥವಾ ಫೈಬರ್‌ಗ್ಲಾಸ್ ಗೋಡೆ ಮಾತ್ರ. ಸದ್ದು, ಶಾಖ ಎರಡೂ ಸ್ಪ್ರೇ ಹೊಡೆದರೆ ನಿಂತುಹೋಗುತ್ತವೆ ಎಂದು ನಂಬಿ ಬರುವವರಿಗೆ ಈ ಎರಡರ ಸ್ವಭಾವವೇ ಬೇರೆ ಎಂಬುದನ್ನು ನಾನು ಮೊದಲು ವಿವರಿಸುತ್ತೇನೆ.

ಸದ್ದಿನ ಲೇಪನ ತಗಡಿನ ಕಂಪನವನ್ನು ಹೀರಿ ಅತ್ಯಲ್ಪ ಶಾಖವಾಗಿ ಬದಲಿಸುವ, ರಬ್ಬರಿನಂತಹ ಪದರ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನುತ್ತಿದ್ದ ತಗಡು, ಸುಮಾರು 1 ಮಿ.ಮೀ. ಪದರ ಒಣಗಿದ ಮೇಲೆ ದಬ್ ಎಂದು ಸುಮ್ಮನಾಗುತ್ತದೆ. ಆದರೆ ಗಾಳಿಯಲ್ಲಿ ಬರುವ ಸದ್ದಿಗೆ ಸಂದುಗಳೇ ದಾರಿ. ಫೈರ್‌ವಾಲಿನ, ಅಂದರೆ ಎಂಜಿನ್ನಿಗೂ ಕೂತವರಿಗೂ ನಡುವಿನ ಆ ಗೋಡೆಯ, ವಿಸ್ತೀರ್ಣದಲ್ಲಿ ಶೇ. 1ರಷ್ಟು ತೆರವಿದ್ದರೂ, ಉಳಿದ ಭಾಗ ಎಷ್ಟೇ ದಪ್ಪವಿರಲಿ, ಒಟ್ಟು ತಡೆ 20 ಡೆಸಿಬಲ್ ದಾಟುವುದಿಲ್ಲ. ಆದ್ದರಿಂದ ತಗಡುಗಳ ಸಂದುಗಳಿಗೆ ಸೀಲಂಟ್ ತುಂಬದೆ ಸ್ಪ್ರೇ ಗನ್ ಕೈಗೆತ್ತಿಕೊಳ್ಳಬಾರದು. ವೈರು, ಕೇಬಲ್ಲುಗಳ ತೂತುಗಳಿಗೆ ರಬ್ಬರ್ ಗ್ರಾಮೆಟ್‌ಗಳನ್ನು (ತೂತಿನ ಅಂಚಿಗೆ ಕೂರುವ ಬಳೆಗಳನ್ನು) ಆಮೇಲೆ ಕೂರಿಸಬಹುದು.

ಟೊಳ್ಳು ಸೆರಾಮಿಕ್ ಕಣಗಳಿರುವ ಶಾಖದ ಲೇಪನವನ್ನು ಸದ್ದಿನ ಲೇಪನದ ಮೇಲೆ ಹೊಡೆಯುತ್ತಾರೆ. ಅದರಿಂದ ಬಹಳ ನಿರೀಕ್ಷಿಸುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಶಾಖದ ಹರಿವಿಗೆ ಒಂದು ಪದರ ಒಡ್ಡುವ ತಡೆ ಅದರ ದಪ್ಪಕ್ಕೆ ತಕ್ಕಂತೆ ಇರುತ್ತದೆ. ಲೇಪನದ ವಸ್ತು ಫೋಮಿನಷ್ಟೇ ಉತ್ತಮ ನಿರೋಧಕವೆಂದು ಒಪ್ಪಿಕೊಂಡರೂ ಅರ್ಧ ಮಿ.ಮೀ. ಪದರ 10 ಮಿ.ಮೀ. ಫೋಮಿನ 20ರಲ್ಲಿ ಒಂದು ಪಾಲು ಕೆಲಸ ಮಾಡೀತು, ಅಷ್ಟೇ. ಹಾಗಾಗಿ ಎಕ್ಸಾಸ್ಟ್ ಕೊಳವೆ ಹತ್ತಿರ ಹಾಯುವ ಕಡೆ, ನಡುವೆ ಗಾಳಿ ಆಡುವಂತೆ ಜಾಗ ಬಿಟ್ಟು ಹೊಳೆಯುವ ಲೋಹದ ಹೀಟ್ ಶೀಲ್ಡ್ ಕಟ್ಟಲೇಬೇಕು. ನಿರೋಧಕ ಹಾಳೆ ಅಂಟಿಸಲಾಗದ ಮೂಲೆ, ರಿವೆಟ್ಟುಗಳ ಸಾಲು, ಗೇರ್‌ಬಾಕ್ಸ್ ಸುರಂಗದ ತಿರುವುಗಳಲ್ಲಿ ಮಾತ್ರ ಸ್ಪ್ರೇಗೆ ಸಾಟಿಯಿಲ್ಲ.

ಇನ್ನು ಹೊಡೆಯುವ ಕ್ರಮ. ಎಣ್ಣೆ ಜಿಡ್ಡನ್ನು ಪೂರ್ತಿ ತೆಗೆದು, ಮೇಲ್ಮೈಯನ್ನು ಸ್ಯಾಂಡ್‌ಪೇಪರಿನಿಂದ ತರಿ ಮಾಡಿಕೊಳ್ಳಬೇಕು. ಈ ಲೇಪನಗಳು ಹೆಚ್ಚಾಗಿ ನೀರಿನ ಆಧಾರದವು. ಬರಿ ಉಕ್ಕಿನ ಮೇಲೆ ನೇರವಾಗಿ ಹೊಡೆದರೆ ಒಣಗುವ ಮೊದಲೇ ಅಡಿಯಲ್ಲಿ ತುಕ್ಕು ಹಿಡಿಯುವುದರಿಂದ ಎಪಾಕ್ಸಿ ಪ್ರೈಮರ್ ಕಡ್ಡಾಯ. ಡಬ್ಬಿಯನ್ನು ನಿಧಾನವಾಗಿ ಕಲಕಬೇಕು, ವೇಗದ ಡ್ರಿಲ್ಲಿಗೆ ಸಿಕ್ಕಿದರೆ ಟೊಳ್ಳು ಕಣಗಳು ಒಡೆಯುತ್ತವೆ. ಒಂದೇ ಸಲ ದಪ್ಪ ಹೊಡೆದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿದು, ಕೊನೆಗೆ ಬಿರುಕು ಬಿಡುತ್ತದೆ. ತೆಳುವಾಗಿ ಹೊಡೆದು, ಪ್ರತಿ ಪದರವೂ ಒಣಗುವವರೆಗೆ ಕಾಯಬೇಕು. ಉಸಿರಿಗೆ ರೆಸ್ಪಿರೇಟರ್ ಇರಲಿ. ಮಾಸ್ಕಿಂಗ್ ಟೇಪನ್ನು ಕೊನೆಯ ಪದರ ಇನ್ನೂ ಹಸಿಯಿರುವಾಗಲೇ ಬಿಡಿಸದಿದ್ದರೆ ಅಂಚು ಕಿತ್ತುಬರುತ್ತದೆ.

ಮರೆಮಾಡಬೇಕಾದ ಜಾಗಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಸೀಟ್ ಬೆಲ್ಟಿನ ತೂತುಗಳಿಗೆ ಹಳೆಯ ಬೋಲ್ಟ್ ತಿರುಗಿಸಿಡಿ, ನೀರು ಹೋಗುವ ರಂಧ್ರಗಳನ್ನು ಮುಚ್ಚಿಡಿ. ಅರ್ಥಿಂಗ್ ಬಿಂದುಗಳ ಮೇಲಂತೂ ಒಂದು ಹನಿಯೂ ಬೀಳಬಾರದು, ಏಕೆಂದರೆ ಫೈಬರ್‌ಗ್ಲಾಸ್ ಬಾಡಿಯಲ್ಲಿ ವಿದ್ಯುತ್ತು ಮರಳಲು ಚಾಸಿಯ ಆ ಬರಿ ಲೋಹವೇ ಬೇಕು.